ಮಳೆಯ ದಾರಿ ಮಳೆಗೆ ಮಾತ್ರ

ಮಲೆನಾಡಿನ ಪೇಟೆಯೊಂದರ ಬಸ್ ನಿಲ್ದಾಣದ ಪಕ್ಕದ ಚರಂಡಿಯ ಜಾಡು ಹಿಡಿದು ಇಳಿಜಾರಿನಲ್ಲಿ ನಡೆಯತೊಡಗಿದರೆ ಸ್ವಲ್ಪ ಹೊತ್ತಿನಲ್ಲೇ ಹಳ್ಳವೊಂದು ಎದುರಾಗುತ್ತದೆ. ಹಳ್ಳದ ಜಾಡು ಹಿಡಿದರೆ ಹೊಳೆ. ಹೊಳೆಯ ಜಾಡು ಹಿಡಿದರೆ ತುಂಗೆ, ಭದ್ರೆ, ಶರಾವತಿ, ವರದೆ, ಹೇಮಾವತಿ, ಕಾವೇರಿ. ಈ ದಾರಿಯಲ್ಲಿ ನೀರನ್ನು ಸೋಸುವ ತೊಟ್ಟಿಯಾಗಲಿ, ತಡೆದು ಕೇಳುವ ಕಾವಲುಗಾರನಾಗಲಿ ಸಿಗುವುದು ಅಪರೂಪ. ಮೇಲೆ ಚರಂಡಿಗೆ ಬಿದ್ದದ್ದು ಕೆಳಗೆ ಯಾರದೋ ಕೊಡಕ್ಕೆ, ಯಾರದೋ ದನದ ಬಾಯಿಗೆ, ಯಾರದೋ ಗದ್ದೆಗೆ ತಲಪುತ್ತದೆ. ಬಯಲುಸೀಮೆಯಲ್ಲಿ ಕೊಳಚೆ ನಿಂತು ನಾರುತ್ತದೆ; ಆದ್ದರಿಂದ ಕಾಣುತ್ತದೆ. ಗುಡ್ಡಗಾಡಿನಲ್ಲಿ ಅದು ಹರಿದು ಮರೆಯಾಗುತ್ತದೆ. ಆದ್ದರಿಂದ ಇಲ್ಲವೆಂದೇ ಭಾವಿಸಲಾಗುತ್ತದೆ. ಈ ಭಾವನೆಯೇ ಮಲೆನಾಡಿನ ಜಲಮೂಲಗಳ ಮೊದಲ ಶತ್ರು.

ಮಲೆನಾಡಿನಲ್ಲಿ ಚರಂಡಿ ಬೇರೆ, ಹಳ್ಳ ಬೇರೆ ಎಂಬುದು ಸುಳ್ಳು. ಚರಂಡಿಯೆಂದರೆ ಹಳ್ಳದ ಮೊದಲ ಮೈಲು. ಆದಕಾರಣ ಚರಂಡಿಗೆ ಏನು ಸೇರಬಹುದು, ಏನು ಸೇರಬಾರದು ಎಂಬುದನ್ನು ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಪಟ್ಟಣ ಪಂಚಾಯಿತಿಯೂ ಊರಿನವರಿಗೆ ಅರ್ಥವಾಗುವ ಮಾತಿನಲ್ಲಿ ಬರೆದು, ಸಭೆಯಲ್ಲಿ ಅಂಗೀಕರಿಸಿ, ಮೊದಲು ತಾನೇ ಪಾಲಿಸಿ ತೋರಿಸಬೇಕು. ದೆಹಲಿ, ಬೆಂಗಳೂರುಗಳ ಕಾಯ್ದೆಗಳು ಈ ಕೆಲಸವನ್ನು ಮಾಡಿಲ್ಲ, ಮಾಡಲಾರವು.

ಹೆಸರೊಂದು, ಕೆಲಸ ಎರಡು

ಚರಂಡಿ ಎಂಬ ಒಂದೇ ಶಬ್ದವು ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಮರೆಮಾಚಿದೆ. ಒಂದು ಒಳಚರಂಡಿ: ಮನೆ, ಹೋಟೆಲು, ಆಸ್ಪತ್ರೆಗಳ ಕೊಳಚೆಯನ್ನು ಮುಚ್ಚಿದ ಕೊಳವೆಯಲ್ಲಿ ಶುದ್ಧೀಕರಣ ಘಟಕಕ್ಕೆ ಒಯ್ಯುವಂಥದು. ಇನ್ನೊಂದು ಮಳೆನೀರಿನ ಚರಂಡಿ: ರಸ್ತೆ, ಅಂಗಳ, ಮಾಡುಗಳ ಮೇಲೆ ಬಿದ್ದ ಮಳೆಯನ್ನು ಯಾವ ಸಂಸ್ಕರಣೆಯೂ ಇಲ್ಲದೆ ನೇರವಾಗಿ ಹಳ್ಳಕ್ಕೆ ಬಿಡುವಂಥದು. ಎರಡನೆಯದಕ್ಕೆ ಶುದ್ಧೀಕರಣ ಬೇಡವೆಂದು ತೀರ್ಮಾನಿಸಿದ್ದೇ ಅದರಲ್ಲಿ ಮಳೆನೀರು ಮಾತ್ರ ಹರಿಯುತ್ತದೆಂಬ ನಂಬಿಕೆಯಿಂದ. ಗುಡ್ಡಗಾಡಿನ ಹಳ್ಳಿಗಳಲ್ಲಿ ಮೊದಲನೆಯದು ಇಲ್ಲವೆಂದೇ ಹೇಳಬೇಕು. ಹಾಗಾಗಿ ಎರಡನೆಯದರ ಮೇಲೆಯೇ ಮೊದಲನೆಯದರ ಹೊರೆಯನ್ನೂ ಹೇರಲಾಗಿದೆ. ಒಂದೇ ತೆರೆದ ಕಾಲುವೆ ಆಷಾಢದಲ್ಲಿ ಮಳೆಯನ್ನು, ಉಳಿದ ಕಾಲದಲ್ಲಿ ರೊಚ್ಚೆಯನ್ನು ಹೊರುತ್ತದೆ.

ಹಿಂದೆ ಈ ಹೊರೆ ಇಷ್ಟಿರಲಿಲ್ಲ. ಬಾವಿಯಿಂದ ಸೇದಿ ತಂದ ನೀರಿಗೆ ಮಿತಿಯಿತ್ತು. ಬಚ್ಚಲ ನೀರು ಹಿತ್ತಿಲಿನ ಬಾಳೆ, ಕೆಸು, ಬಸಳೆಗಳ ಬುಡದಲ್ಲಿ ಇಂಗುತ್ತಿತ್ತು. ಈಗ ನೀರು ನಲ್ಲಿಯಲ್ಲಿ ಬರುತ್ತದೆ. ಅದು ಬರಲೇಬೇಕು, ಬಂದದ್ದು ಒಳ್ಳೆಯದೇ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿಯಿಟ್ಟುಕೊಂಡಿತು. ಸಾವಿರ ಜನರ ಊರಿಗೆ ಲೆಕ್ಕ ಹಾಕಿದರೆ ದಿನಕ್ಕೆ 55,000 ಲೀಟರ್. ಕುಡಿದದ್ದು, ಆರಿಹೋದದ್ದು ಬಿಟ್ಟರೆ ಉಳಿದದ್ದೆಲ್ಲ ಬಚ್ಚಲು, ಅಡುಗೆಮನೆ, ಪಾಯಖಾನೆಗಳ ಮೂಲಕ ಹೊರಬರಲೇಬೇಕು. ನೀರು ಬರುವ ಕೊಳವೆಗೆ ಶಂಕುಸ್ಥಾಪನೆಯುಂಟು, ಉದ್ಘಾಟನೆಯುಂಟು. ನೀರು ಹೋಗುವ ದಾರಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಮೇಲಿನೂರಿನ ಚರಂಡಿ ಸೇರುವ ಹೊಳೆಯಿಂದಲೇ ಕೆಳಗಿನೂರಿಗೆ ಕುಡಿಯುವ ನೀರನ್ನು ಎತ್ತುವಾಗ, ಒಂದು ಯೋಜನೆಯ ಕಸವೇ ಇನ್ನೊಂದು ಯೋಜನೆಯ ಮೂಲವಾಗುತ್ತದೆ.

ಕ್ರಿಯಾಯೋಜನೆಯ ಪುಟಗಳಲ್ಲಿ ಚರಂಡಿಯೆಂದರೆ ಇಷ್ಟು ಮೀಟರ್ ಕಾಂಕ್ರೀಟು, ಇಷ್ಟು ಲಕ್ಷ ರೂಪಾಯಿ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳಗಳು ದಾಖಲಾಗುತ್ತವೆ. ಅದರಲ್ಲಿ ಹರಿಯುವುದೇನು ಎಂಬುದಕ್ಕೆ ಅಂಕಣವೇ ಇಲ್ಲ. ಮಣ್ಣಿನ ಚರಂಡಿ ಸ್ವಲ್ಪವಾದರೂ ಇಂಗಿಸುತ್ತಿತ್ತು, ಹುಲ್ಲಿನ ಬೇರು ಸ್ವಲ್ಪವಾದರೂ ಸೋಸುತ್ತಿತ್ತು. ಕಾಂಕ್ರೀಟಿನದು ಬಿದ್ದದ್ದನ್ನೆಲ್ಲ ಬಿದ್ದಂತೆಯೇ, ಇನ್ನೂ ವೇಗವಾಗಿ ಹಳ್ಳಕ್ಕೆ ಮುಟ್ಟಿಸುತ್ತದೆ. ನಿಯಮವಿಲ್ಲದ ಕಾಂಕ್ರೀಟ್ ಚರಂಡಿಯು ಅಭಿವೃದ್ಧಿಯ ಹೆಸರಿನಲ್ಲಿ ಹಳ್ಳಕ್ಕೆ ಹಾಕಿಕೊಟ್ಟ ರಾಜಮಾರ್ಗ.

ಬೆಂಗಳೂರಿನ ರಾಜಕಾಲುವೆಗಳ ಕಥೆ ಎಲ್ಲರಿಗೂ ತಿಳಿದದ್ದೇ. ಕೆರೆಯಿಂದ ಕೆರೆಗೆ ಮಳೆನೀರನ್ನು ಒಯ್ಯಬೇಕಾಗಿದ್ದ ಕಾಲುವೆಗಳು ನಗರದ ಕೊಳಚೆಯನ್ನು ಒಯ್ದವು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. ಆ ನೊರೆಗೆ ಬೆಂಕಿಯೂ ಹತ್ತಿತು. ನೀರು ಉರಿಯುವುದನ್ನು ಕಂಡು ನಾಡೇ ಬೆರಗಾಯಿತು. ಆದರೆ ಅದು ಒಂದು ದಿನದಲ್ಲಿ ಆದದ್ದಲ್ಲ. ಚರಂಡಿ ತಾನೇ, ಹೋಗಲಿ ಬಿಡಿ ಎಂಬ ಮಾತನ್ನು ದಶಕಗಳ ಕಾಲ ಹೇಳಿಕೊಂಡು ಬಂದುದರ ಫಲ. ಅದೇ ಮಾತನ್ನು ಮಲೆನಾಡಿನ ಪೇಟೆಗಳು ಈಗ ಆಡುತ್ತಿವೆ.

ಋತುಮಾನದ ವಿಷ

ಗುಡ್ಡಗಾಡಿನ ಚರಂಡಿಗೆ ಸೇರುವ ಮಲಿನಕ್ಕೂ ಒಂದು ಪಂಚಾಂಗವಿದೆ. ನಿಯಮ ಬರೆಯುವವರು ಮೊದಲು ಈ ಪಂಚಾಂಗವನ್ನು ಓದಬೇಕು.

ಮಳೆ ಬಿಟ್ಟ ಮೇಲೆ ಕಾಫಿಯ ಕೊಯ್ಲು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಸುಲಿದು ತೊಳೆಯುವ ಕಾಲದಲ್ಲಿ ಹೊರಬರುವ ನೀರು ಹುಳಿಯಾದುದು, ಸಕ್ಕರೆಯ ಲೋಳೆಯಿಂದ ಕೂಡಿದುದು. ಅದು ಹಳ್ಳ ಸೇರಿ ಕೊಳೆಯತೊಡಗಿದಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಕಬಳಿಸುತ್ತವೆ. ಮೀನು, ಏಡಿ, ನೀರಹುಳುಗಳು ಉಸಿರು ಸಿಗದೆ ಸಾಯುತ್ತವೆ. ನೀರು ಕಪ್ಪಾಗಿ ನಾರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಳ್ಳದಲ್ಲಿ ಹರಿವೇ ಸಣ್ಣದು. ಹರಿವು ಕುಗ್ಗಿದ ಕಾಲಕ್ಕೇ ವಿಷ ಹೆಚ್ಚುವುದು ಇಲ್ಲಿಯ ದುರಂತ. ಪಲ್ಪಿಂಗ್ ನೀರನ್ನು ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸಿ ಸಂಸ್ಕರಿಸುವ ವಿಧಾನಗಳು ಬೆಳೆಗಾರರಿಗೆ ತಿಳಿಯದವೇನಲ್ಲ. ಹಾಗೆ ಮಾಡುವವರೂ ಇದ್ದಾರೆ. ಮಾಡದವರಿಗೆ ಚರಂಡಿಯೇ ಅಗ್ಗದ ಹೊಂಡ.

ಅದೇ ಕಾಲಕ್ಕೆ ಅಡಿಕೆ ಸುಗ್ಗಿ. ಸುಲಿದ ಸಿಪ್ಪೆ ರಸ್ತೆ ಬದಿಯ ಚರಂಡಿಗಳಲ್ಲಿ ರಾಶಿ ಬೀಳುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಬೆಂಕಿಯಿಟ್ಟರೆ ಹೊಗೆ. ಇಡದಿದ್ದರೆ ಮೊದಲ ಮಳೆಗೆ ಮೋರಿಯ ಬಾಯಿಗೆ ಬಿರಡೆ. ಬೇಯಿಸಿದ ಹಂಡೆಯ ಹಳೆಯ ಚೊಗರನ್ನು ಚೆಲ್ಲಿದಲ್ಲೆಲ್ಲ ನೀರು ಕೆಂಪು-ಕಪ್ಪಾಗಿ ಒಗರೇರುತ್ತದೆ. ಸಿಪ್ಪೆ ಕೊಳೆತರೆ ಗೊಬ್ಬರ. ತೋಟಕ್ಕೆ ಸೇರಬೇಕಾದ ಸಾರವನ್ನು ಚರಂಡಿಗೆ ಸುರಿದು, ಅದೇ ತೋಟಕ್ಕೆ ಚೀಲದ ಗೊಬ್ಬರ ಕೊಳ್ಳುವುದು ಯಾವ ಲೆಕ್ಕಾಚಾರ?

ಬೇಸಿಗೆಯಲ್ಲಿ ಪ್ರವಾಸಿಗರ ಕಾಲ. ರೆಸಾರ್ಟು, ಹೋಂಸ್ಟೇ, ಕಲ್ಯಾಣಮಂಟಪಗಳ ಅಡುಗೆಮನೆಯ ಜಿಡ್ಡು, ಸಾಬೂನಿನ ನೊರೆ, ಕಾಗದದ ಲೋಟ, ಬಾಟಲಿಗಳು ಚರಂಡಿಯತ್ತ ಸಾಗುತ್ತವೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆ. ಔಷಧಿ ಬೇಕು, ಸಿಂಪಡಿಸಲಿ. ಆದರೆ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿಯೋ ಬಸಿಗಾಲುವೆಯಲ್ಲಿಯೋ ತೊಳೆದರೆ ಮೈಲುತುತ್ತದ ತಾಮ್ರ ನೇರವಾಗಿ ಮೀನಿನ ಕಿವಿರಿಗೆ ಹೋಗುತ್ತದೆ. ಮಾಂಸದಂಗಡಿಯ ತ್ಯಾಜ್ಯ, ಗ್ಯಾರೇಜಿನ ಸುಟ್ಟ ಎಣ್ಣೆ, ವಾಹನ ತೊಳೆದ ನೀರು ಇವಕ್ಕೆ ಋತುವಿಲ್ಲ, ವರ್ಷವಿಡೀ ಹರಿಯುತ್ತವೆ. ಚರಂಡಿಯಲ್ಲಿ ಅನ್ನ, ಮಾಂಸಗಳ ಚೂರು ಸೇರಿದಲ್ಲಿ ಇಲಿ ಸೇರುತ್ತದೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಗಾಯಗೊಂಡ ಕಾಲಿಟ್ಟವರಿಗೆ ಇಲಿಜ್ವರ ತಗಲುತ್ತದೆ. ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರೇ ಅದಕ್ಕೆ ಮೊದಲ ಬಲಿ.

ಎಲ್ಲಕ್ಕಿಂತ ನಾಚಿಕೆಗೇಡಿನದು ಶೌಚಗುಂಡಿಯ ಹೊರಹರಿವು. ಶೌಚಾಲಯ ಕಟ್ಟಿದ ಲೆಕ್ಕ ಪೂರ್ತಿಯಾಗಿದೆ. ತುಂಬಿದ ಗುಂಡಿಯ ಕೊಳವೆಯನ್ನು ಸದ್ದಿಲ್ಲದೆ ಚರಂಡಿಗೆ ಜೋಡಿಸಿದ್ದು ಯಾವ ಲೆಕ್ಕದಲ್ಲಿಯೂ ಇಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯು ಅನೈರ್ಮಲ್ಯ ಶೌಚಾಲಯವನ್ನು ವಿವರಿಸುವಾಗ, ಮಲವನ್ನು ಬಿಟ್ಟ ತೆರೆದ ಚರಂಡಿಯಿಂದ ಮನುಷ್ಯರು ಅದನ್ನು ತೆಗೆಯಬೇಕಾಗುವ ಸ್ಥಿತಿಯನ್ನೂ ಸೇರಿಸಿದೆ. ಮಳೆಗಾಲಕ್ಕೆ ಮುನ್ನ ಚರಂಡಿಗೆ ಇಳಿದು ಹೂಳೆತ್ತುವ ಕೂಲಿಕಾರ ಎತ್ತುವುದು ಹೂಳನ್ನೇ, ಅಥವಾ ಊರಿನ ಮಲವನ್ನೇ? ಚರಂಡಿಗೆ ಏನು ಸೇರಬೇಕೆಂಬ ಪ್ರಶ್ನೆಯು ನೀರಿನ ಪ್ರಶ್ನೆಯಷ್ಟೇ ಅಲ್ಲ. ಆ ಮನುಷ್ಯನ ಘನತೆಯ ಪ್ರಶ್ನೆ.

ಕಟ್ಟಿದ ಮೋರಿ, ಕುಸಿವ ಗುಡ್ಡ

ಬಯಲಿನಲ್ಲಿ ಚರಂಡಿ ಕಟ್ಟಿದರೆ ರಸ್ತೆ ಕೆರೆಯಾಗುತ್ತದೆ. ಗುಡ್ಡದಲ್ಲಿ ಕಟ್ಟಿದರೆ ಗುಡ್ಡವೇ ಇಳಿಯುತ್ತದೆ. ಒಂದು ಎಕರೆ ಇಳಿಜಾರಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಸುರಿದರೆ ಬೀಳುವ ನೀರು ಸುಮಾರು 4 ಲಕ್ಷ ಲೀಟರ್. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ.ಯನ್ನು ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಇಂಥ ನೀರಿಗೆ ದಾರಿ ಬೇಕು. ಮೋರಿಯ ಬಾಯಲ್ಲಿ ಪ್ಲಾಸ್ಟಿಕ್ ಚೀಲ, ಅಡಿಕೆ ಸಿಪ್ಪೆ, ಜೆಸಿಬಿ ಕೆದಕಿದ ಮಣ್ಣು ಸೇರಿ ಮುದ್ದೆಗಟ್ಟಿದರೆ ನೀರು ರಸ್ತೆಯನ್ನು ದಾಟಿ, ಎಂದೂ ಹರಿಯದ ಇಳಿಜಾರಿನಲ್ಲಿ ಹೊಸ ದಾರಿ ಕೊರೆಯುತ್ತದೆ. ಇಲ್ಲವೇ ಅಲ್ಲಿಯೇ ಇಂಗಿ ಮಣ್ಣನ್ನು ತೊಯ್ಯಿಸಿ ಭಾರವಾಗಿಸಿ, ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು ಕಂಡ ಕುಸಿತಗಳಿಗೆ ಚರಂಡಿಯೇ ಕಾರಣವೆಂದು ಹೇಳುವುದು ತಪ್ಪಾದೀತು. ಅತಿಮಳೆಯಿತ್ತು, ಇಳಿಜಾರುಗಳನ್ನು ಕಡಿದು ಸಮ ಮಾಡಿದ್ದಿತ್ತು. ಆದರೆ ನೀರಿನ ಸಹಜ ದಾರಿಯನ್ನು ಮುಚ್ಚಿದ ಗುಡ್ಡ ಹೆಚ್ಚು ಅಪಾಯದಲ್ಲಿರುತ್ತದೆಂಬುದಕ್ಕೆ ಹೊಸ ಪುರಾವೆ ಬೇಕಾಗಿಲ್ಲ.

ಇದನ್ನು ಗುಡ್ಡಗಾಡಿನ ಇನ್ನೊಂದು ನಾಡು ಬಹಳ ಹಿಂದೆಯೇ ಅರಿತುಕೊಂಡಿತು. ಪ್ಲಾಸ್ಟಿಕ್ ಚೀಲಗಳು ಚರಂಡಿಗಳನ್ನು ಕಟ್ಟಿ ಭೂಕುಸಿತಕ್ಕೆ ಎಡೆಮಾಡುತ್ತಿವೆ ಎಂಬ ಕಾರಣಕ್ಕೆ ಸಿಕ್ಕಿಂ 1998ರಲ್ಲಿಯೇ ಅವನ್ನು ನಿಷೇಧಿಸಿತು. ಪ್ರವಾಹಗಳಲ್ಲಿ ಚರಂಡಿ ಕಟ್ಟಿಕೊಂಡ ಅನುಭವದಿಂದ ಬಾಂಗ್ಲಾದೇಶ 2002ರಲ್ಲಿ ತೆಳು ಚೀಲಗಳನ್ನು ನಿಷೇಧಿಸಿತು. ಕರ್ನಾಟಕ 2016ರ ಮಾರ್ಚ್‌ನಲ್ಲಿ ನಿಷೇಧ ಹೊರಡಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶವಿಡೀ ನಿಷೇಧ ಬಂತು. ಆದೇಶಗಳು ಕಡತ ಸೇರಿದವು. ಚೀಲಗಳು ಇಂದಿಗೂ ಮೋರಿ ಸೇರುತ್ತಿವೆ.

ಕಾಯ್ದೆಗಳಿವೆ, ಕಾಯುವವರಿಲ್ಲ

ಕಾನೂನಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ. 1860ರ ದಂಡಸಂಹಿತೆಯ 277ನೇ ಪ್ರಕರಣವೇ ಸಾರ್ವಜನಿಕ ಚಿಲುಮೆ, ಜಲಾಶಯಗಳ ನೀರನ್ನು ಕೆಡಿಸುವುದು ಅಪರಾಧವೆಂದಿತ್ತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 279ನೇ ಪ್ರಕರಣವಾಗಿ ಮುಂದುವರಿದಿದೆ. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಗೆ ಮೊದಲೇ ಸಮ್ಮತಿಯಿತ್ತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಕಾಯ್ದೆಯ 24ನೇ ಪ್ರಕರಣದ ಪ್ರಕಾರ ಮಾಲಿನ್ಯಕಾರಕ ವಸ್ತು ನೇರವಾಗಿಯಾಗಲಿ, ಪರೋಕ್ಷವಾಗಿಯಾಗಲಿ ಯಾವ ತೊರೆಗೂ ಬಾವಿಗೂ ಸೇರುವಂತೆ ತಿಳಿದೂ ಮಾಡಕೂಡದು. ತೊರೆ ಎಂದರೆ ಏನೆಂಬುದನ್ನೂ ಕಾಯ್ದೆ ಬಿಡಿಸಿ ಹೇಳಿದೆ: ಹರಿಯುತ್ತಿರುವ ಜಲಮಾರ್ಗ ಮಾತ್ರವಲ್ಲ, ಸದ್ಯಕ್ಕೆ ಒಣಗಿರುವ ಜಲಮಾರ್ಗವೂ ತೊರೆಯೇ. ಏಪ್ರಿಲ್‌ನಲ್ಲಿ ಒಣಗಿ ಬಿದ್ದಿರುವ ಹಳ್ಳಕ್ಕೆ ಕಟ್ಟಡದ ಕಸ ಸುರಿಯುವವನು ಇದರಲ್ಲಿ ನೀರೇ ಇಲ್ಲವಲ್ಲ ಎನ್ನುವಂತಿಲ್ಲ. ಕಾಯ್ದೆ ಬರೆದವರಿಗೆ ಆ ಮಾತು ಐವತ್ತು ವರ್ಷಗಳ ಹಿಂದೆಯೇ ಕೇಳಿಸಿತ್ತು.

ಹಾಗಿದ್ದರೂ ಹಳ್ಳ ಕೆಟ್ಟದ್ದೇಕೆ? ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಜಿಲ್ಲಾ ಕೇಂದ್ರದಲ್ಲಿ. ಮೋರಿ ಇರುವುದು ಘಟ್ಟದ ತಿರುವಿನಲ್ಲಿ. ಅಧಿಕಾರಿ ಬಂದು ಮಾದರಿ ಸಂಗ್ರಹಿಸುವ ಹೊತ್ತಿಗೆ ನೀರು ನಾಲ್ಕು ಊರು ದಾಟಿರುತ್ತದೆ. ಕಾಯ್ದೆಯ ಭಾಷೆಯೋ, ಮಾನದಂಡ, ಸಮ್ಮತಿಪತ್ರ, ಹೊರಹರಿವು ಎಂಬ ಶಬ್ದಗಳ ಕೋಟೆ. ಅಡಿಕೆ ಸಿಪ್ಪೆ ಎಂದು ಯಾವ ಪ್ರಕರಣದಲ್ಲಿಯೂ ಬರೆದಿಲ್ಲ. ಬರೆಯುವುದು ಸಂಸತ್ತಿನ ಕೆಲಸವೂ ಅಲ್ಲ. ಅದು ಗ್ರಾಮ ಸಭೆಯ ಕೆಲಸ. ಇಷ್ಟರ ಮೇಲೆ 2024ರಲ್ಲಿ ಸಂಸತ್ತು ಈ ಕಾಯ್ದೆಯನ್ನು ತಿದ್ದಿ, 24ನೇ ಪ್ರಕರಣದ ಉಲ್ಲಂಘನೆಗಿದ್ದ ಸೆರೆವಾಸವನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನು ಇರಿಸಿತು. ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿದ ಈ ತಿದ್ದುಪಡಿ ಬೇರೆ ರಾಜ್ಯಕ್ಕೆ ಬರಬೇಕಾದರೆ ಅಲ್ಲಿಯ ಶಾಸನಸಭೆಯ ನಿರ್ಣಯ ಬೇಕು. ಮೇಲಿನ ಹಿಡಿತ ಸಡಿಲಗೊಳ್ಳುವ ಕಾಲದಲ್ಲಿ ಕೆಳಗಿನ ಹಿಡಿತ ಬಿಗಿಯಾಗದಿದ್ದರೆ ಹಳ್ಳಕ್ಕೆ ದಿಕ್ಕಿಲ್ಲ.

ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲವೇ? ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣವು ಪಂಚಾಯಿತಿಯ ಕರ್ತವ್ಯಗಳನ್ನು ಹೇಳುತ್ತದೆ. ಗ್ರಾಮ ನೈರ್ಮಲ್ಯ ಅದರ ಹೊಣೆ. ಹಣವಿಲ್ಲವೆಂಬ ಉತ್ತರವನ್ನು ಸುಪ್ರೀಂ ಕೋರ್ಟು 1980ರಲ್ಲಿಯೇ ತಳ್ಳಿಹಾಕಿದೆ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ಬಡಾವಣೆಯ ನಿವಾಸಿಗಳು ತೆರೆದ ಚರಂಡಿಯ ದುರ್ನಾತ, ಮಲ, ಮದ್ಯಸಾರ ಕಾರ್ಖಾನೆಯಿಂದ ಹರಿದು ಬರುವ ಹೊಲಸು ಇವುಗಳನ್ನು ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಪುರಸಭೆಯು ಚರಂಡಿ ಸರಿಪಡಿಸಬೇಕೆಂದು ಆದೇಶವಾಯಿತು. ಪುರಸಭೆ ಹಣವಿಲ್ಲವೆಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಆ ನೆಪವನ್ನು ಒಪ್ಪಲಿಲ್ಲ: ನೈರ್ಮಲ್ಯ ಕಾಪಾಡುವುದು ಸ್ಥಳೀಯ ಸಂಸ್ಥೆಯ ಮೂಲ ಕರ್ತವ್ಯ, ಬರಿದಾದ ಬೊಕ್ಕಸವನ್ನು ತೋರಿಸಿ ಅದರಿಂದ ಜಾರಿಕೊಳ್ಳಲಾಗದು ಎಂಬುದು ಅದರ ಸಾರ. ಆ ನಿವಾಸಿಗಳು ಬಳಸಿದ್ದು ದಂಡಪ್ರಕ್ರಿಯಾ ಸಂಹಿತೆಯ 133ನೇ ಪ್ರಕರಣ. ಇಂದು ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣ. ಸಾರ್ವಜನಿಕ ಉಪದ್ರವವನ್ನು ತೆಗೆಯಿಸಲು ಯಾವ ಊರಿನವರಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಇಡಬಹುದಾದ ಅಸ್ತ್ರವದು. ಒಂದು ಬಡಾವಣೆಯ ಜನರಿಗೆ ಸಾಧ್ಯವಾದದ್ದು ಒಂದು ಹೋಬಳಿಯ ಜನರಿಗೆ ಅಸಾಧ್ಯವೇ?

ನೆಪಗಳು ಮತ್ತು ಉತ್ತರಗಳು

ಮೊದಲ ನೆಪ: ಮಳೆ ಬಂದರೆ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಎಲ್ಲಿಗೆ ಹೋಗುತ್ತದೆಂದು ಕೇಳುವವರಿಲ್ಲ. ಕೆಳಗಿನ ಊರಿಗೆ ಹೋಗುತ್ತದೆ. ಆ ಊರಿನವರೂ ಇದೇ ಮಾತನ್ನು ಹೇಳಿ ಅದರ ಕೆಳಗಿನ ಊರಿಗೆ ದಾಟಿಸುತ್ತಾರೆ. ಕೊನೆಗೆ ಅದು ಶಿವಮೊಗ್ಗೆಯ ನಲ್ಲಿಯಲ್ಲಿ, ಹರಿಹರದ ಘಟ್ಟದಲ್ಲಿ, ಬಯಲುಸೀಮೆಯ ಕಾಲುವೆಯಲ್ಲಿ ಕಾಣಿಸಿಕೊಳ್ಳುತ್ತದೆ. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟದ್ದಕ್ಕೆ ಅರ್ಥವಿದೆ. ನದಿಯ ಕೊಳೆಯನ್ನು ಹರಿಹರದಲ್ಲಿ ತೊಳೆಯಲಾಗದು. ಅದು ಹುಟ್ಟುವ ತಾಣದಲ್ಲಿಯೇ ತಡೆಯಬೇಕು.

ಎರಡನೆಯದು: ಚರಂಡಿಗೆ ಬೇಡವೆಂದರೆ ಮತ್ತೆಲ್ಲಿಗೆ ಬಿಡಬೇಕು? ಇದು ನೆಪವಲ್ಲ, ನ್ಯಾಯವಾದ ಪ್ರಶ್ನೆ. ಬೇರೆ ದಾರಿ ತೋರಿಸದೆ ನಿಷೇಧ ಹೊರಡಿಸುವ ಪಂಚಾಯಿತಿ ಜನರನ್ನು ಕಳ್ಳರನ್ನಾಗಿಸುತ್ತದೆ. ದಾರಿಗಳಿವೆ. ಬಚ್ಚಲ ನೀರಿಗೆ ಇಂಗುಗುಂಡಿ. ಉದ್ಯೋಗ ಖಾತರಿಯಡಿ ಬಚ್ಚಲುಗುಂಡಿಗಳನ್ನು ತೋಡಿದ ಅನುಭವ ಪಂಚಾಯಿತಿಗಳಿಗೆ ಇದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇಳುವ ಜಾಗದಲ್ಲಿ ಗುಂಡಿ ತುಂಬುತ್ತದೆ. ಅಂಥಲ್ಲಿ ಬಾವಿಯಿಂದ ದೂರದಲ್ಲಿ, ಏರುಮಡಿ ಮಾಡಿ ಬಾಳೆ, ಕೆಸು ಬೆಳೆಸಬೇಕು. ಹೋಟೆಲು, ಕಲ್ಯಾಣಮಂಟಪಗಳಿಗೆ ಜಿಡ್ಡು ತಡೆಯುವ ತೊಟ್ಟಿ. ಅಡಿಕೆ ಸಿಪ್ಪೆಗೆ ಪಂಚಾಯಿತಿಯೇ ಗುರುತಿಸಿದ ಗೊಬ್ಬರದ ಜಾಗ. ಗ್ಯಾರೇಜಿನ ಎಣ್ಣೆ ಡಬ್ಬದಲ್ಲಿ ಸಂಗ್ರಹವಾಗಿ ಪರವಾನಗಿ ಪಡೆದ ಸಂಸ್ಕರಣೆಗಾರರಿಗೆ ಹೋಗಬೇಕು. ಶೌಚಗುಂಡಿಯ ಹೂಳನ್ನು ಹೀರುವ ವಾಹನ ಕಾಡಂಚಿನ ಹಳ್ಳಕ್ಕೆ ಹೋಗದೆ ಸಂಸ್ಕರಣಾ ಘಟಕಕ್ಕೆ ಹೋಗಬೇಕು. ದೇವನಹಳ್ಳಿಯಲ್ಲಿ ಅಂಥ ಘಟಕ 2015ರಲ್ಲಿಯೇ ಆರಂಭವಾಯಿತು. ತಾಲೂಕಿಗೊಂದು ಘಟಕ ಕೇಳುವುದು ದುರಾಸೆಯಲ್ಲ.

ಮೂರನೆಯದು: ದಂಡ ಹಾಕಿದರೆ ಬಡವರ ಮೇಲೆ ಬೀಳುತ್ತದೆ. ಈ ಆತಂಕಕ್ಕೆ ಕಾರಣವಿದೆ. ನಿಯಮಗಳ ಚರಿತ್ರೆಯೇ ಹಾಗೆ: ಗುಡಿಸಲಿನ ಬಚ್ಚಲಿಗೆ ನೋಟಿಸು, ರೆಸಾರ್ಟಿನ ಕೊಳವೆಗೆ ಸಲಾಮು. ಆದ್ದರಿಂದಲೇ ನಿಯಮದಲ್ಲಿ ಅನುಕ್ರಮವಿರಬೇಕು. ಮೊದಲು ಪಂಚಾಯಿತಿ ಕಟ್ಟಡ, ಸಂತೆಮಾಳ, ಬಸ್ ನಿಲ್ದಾಣ, ಸರ್ಕಾರಿ ವಿದ್ಯಾರ್ಥಿನಿಲಯ, ಆಸ್ಪತ್ರೆ, ಅನಂತರ ರೆಸಾರ್ಟು, ಹೋಟೆಲು, ಪಲ್ಪಿಂಗ್ ಘಟಕ, ಗ್ಯಾರೇಜು, ಕಟ್ಟಕಡೆಗೆ ಮನೆಗಳು. ಸಣ್ಣ ಮನೆಗೆ ದಂಡಕ್ಕೆ ಬದಲು ಗುಂಡಿ ತೋಡಿಕೊಡಬೇಕು.

ಇಂಥ ನಿಯಮ ಮಲೆನಾಡಿಗೆ ಹೊಸದೆಂದು ಯಾರಾದರೂ ಹೇಳಿದರೆ ಅವರು ಮಲೆನಾಡನ್ನು ಅರಿಯರು. ದೇವರಕಾಡಿನಲ್ಲಿ ಕೊಡಲಿ ಎತ್ತಬಾರದೆಂಬುದು ಸ್ಥಳೀಯ ನಿಯಮ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ಮೀನಿಗೆ ಕೈಯೆತ್ತಬಾರದೆಂಬುದೂ ಅಂಥದೇ. ಶಿಶಿಲದ ಕಪಿಲಾ ಹೊಳೆಯಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿ ದೇವರ ಮೀನುಗಳನ್ನು ಕೊಂದಾಗ ಊರು ಮರುಗಿತು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೇ ಎದ್ದಿತು. ಒಂದು ದಿನದ ವಿಷಕ್ಕೆ ಸ್ಮಾರಕ ಕಟ್ಟುವಷ್ಟು ಹೃದಯವಿರುವ ನಾಡು, ದಿನದಿನದ ವಿಷಕ್ಕೆ ಕಣ್ಣು ಮುಚ್ಚಿ ಕುಳಿತಿರುವುದು ಹೇಗೆ? ಕುದುರೆಮುಖದ ಗಣಿಯ ಹೂಳು ಭದ್ರೆಗೆ ಸೇರುವುದನ್ನು ಈ ನಾಡು ಪ್ರತಿಭಟಿಸಿತು. 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹೊರಗಿನ ಕಂಪನಿಗೆ ಕೇಳಿದ ಪ್ರಶ್ನೆಯನ್ನು ಒಳಗಿನ ಚರಂಡಿಗೆ ಕೇಳದಿದ್ದರೆ ಆ ಹೋರಾಟದ ನೈತಿಕ ಬಲವೇ ಸೋರಿಹೋಗುತ್ತದೆ.

ಗ್ರಾಮ ಸಭೆಯ ಮುಂದೆ

ಪಶ್ಚಿಮಘಟ್ಟದ ಬಗೆಗೆ 2011ರಲ್ಲಿ ವರದಿಯಿತ್ತ ಮಾಧವ ಗಾಡ್ಗೀಳ್ ಸಮಿತಿ ತೀರ್ಮಾನಗಳು ಗ್ರಾಮ ಸಭೆಯಿಂದ ಮೇಲೇರಬೇಕೆಂದಿತು. ಆ ವರದಿಯನ್ನು ಹೊಗಳಿದವರೂ ತೆಗಳಿದವರೂ ಗ್ರಾಮ ಸಭೆಯಲ್ಲಿ ಇಂಥದೊಂದು ವಿಷಯವನ್ನು ಮಂಡಿಸಿದ್ದು ವಿರಳ. ಈಗ ಮಂಡಿಸಬಹುದು. ಒಂದು ಪುಟ ಸಾಕು:

1. ಮಳೆನೀರಿನ ಚರಂಡಿ, ಮೋರಿ, ಬಸಿಗಾಲುವೆಗಳಿಗೆ ಮಳೆನೀರು ಹಾಗೂ ಒರತೆಯ ನೀರಲ್ಲದೆ ಬೇರೇನೂ ಸೇರಕೂಡದು.

2. ಶೌಚಗುಂಡಿಯ ಕೊಳವೆಯನ್ನು ಚರಂಡಿಗೆ ಜೋಡಿಸಕೂಡದು. ಈಗಾಗಲೇ ಜೋಡಿಸಿರುವುದನ್ನು ಆರು ತಿಂಗಳೊಳಗೆ ಬೇರ್ಪಡಿಸಬೇಕು.

3. ಕಾಫಿ ಪಲ್ಪಿಂಗ್ ನೀರು, ಅಡಿಕೆ ಸಿಪ್ಪೆ ಮತ್ತು ಚೊಗರು, ರಬ್ಬರ್ ಹಾಳೆ ಮಾಡಿದ ಹುಳಿನೀರು, ಸಿಂಪಡಣೆಯ ಡ್ರಮ್ಮು ತೊಳೆದ ನೀರು, ಮಾಂಸದ ತ್ಯಾಜ್ಯ, ಎಣ್ಣೆ, ಬಣ್ಣ ಇವನ್ನು ಹೆಸರಿಸಿ ನಿಷೇಧಿಸಬೇಕು.

4. ಮನೆ, ರಸ್ತೆ, ನಿವೇಶನಗಳಿಗಾಗಿ ಕಡಿದ ಮಣ್ಣನ್ನು ಮೇ ತಿಂಗಳ ನಂತರ ಚರಂಡಿಯ ಅಂಚಿನಲ್ಲಿ ರಾಶಿ ಹಾಕಕೂಡದು. ಗುತ್ತಿಗೆದಾರನ ಬಿಲ್ಲು ಪಾವತಿಯಾಗುವ ಮೊದಲು ಮೋರಿಯ ಬಾಯಿ ತೆರೆದಿದೆಯೆಂದು ವಾರ್ಡಿನ ಜನರ ಸಹಿ ಬೇಕು.

5. ರೆಸಾರ್ಟು, ಹೋಂಸ್ಟೇ, ಹೋಟೆಲುಗಳ ಪರವಾನಗಿ ನವೀಕರಣಕ್ಕೆ ಮುನ್ನ ಅವುಗಳ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಸ್ಥಳದಲ್ಲಿಯೇ ನೋಡಬೇಕು.

6. ಯಾವ ಹೊಸ ಚರಂಡಿ ಕಾಮಗಾರಿಯೂ ಅದರ ಕೊನೆ ಯಾವ ಹಳ್ಳಕ್ಕೆ, ಆ ಹಳ್ಳ ಯಾವ ಊರಿನ ಕುಡಿಯುವ ನೀರಿಗೆ ಎಂಬುದನ್ನು ಬರೆಯದೆ ಮಂಜೂರಾಗಕೂಡದು.

7. ದಂಡದ ಹಣ ಬೇರೆ ಲೆಕ್ಕಕ್ಕೆ ಹೋಗದೆ ಬಚ್ಚಲುಗುಂಡಿ ಮತ್ತು ಗೊಬ್ಬರದ ಜಾಗಗಳಿಗೇ ಖರ್ಚಾಗಬೇಕು. ಅದರ ಲೆಕ್ಕವನ್ನು ಪ್ರತಿ ಗ್ರಾಮ ಸಭೆಯಲ್ಲಿ ಓದಬೇಕು.

8. ಚರಂಡಿಗೆ ಇಳಿದು ಕೆಲಸ ಮಾಡುವವರಿಗೆ ಬೂಟು, ಕೈಗವಸು, ಸಲಕರಣೆಗಳನ್ನು ಪಂಚಾಯಿತಿ ಕೊಡಬೇಕು. ಮಲ ಸೇರಿರುವ ಚರಂಡಿಗೆ ಯಾರನ್ನೂ ಇಳಿಸಕೂಡದು.

ಗ್ರಾಮ ಸಭೆಯ ನಿರ್ಣಯವೊಂದೇ ದಂಡ ವಿಧಿಸುವ ಬಲವನ್ನು ಕೊಡುವುದಿಲ್ಲ. ಅದನ್ನು ಉಪವಿಧಿಯಾಗಿ ರೂಪಿಸಿ ಕಾನೂನಿನ ಕ್ರಮದಲ್ಲಿ ಮಂಜೂರಾತಿ ಪಡೆಯುವುದು ಪಂಚಾಯಿತಿಯ ಕರ್ತವ್ಯ. ಪಡೆಯುವವರೆಗೆ ಬೆನ್ನು ಬಿಡದಿರುವುದು ಜನರ ಕರ್ತವ್ಯ. ಈ ನಡುವೆ ವಿದ್ಯಾರ್ಥಿಗಳಿಗೊಂದು ಕೆಲಸವಿದೆ. ಪ್ರತಿ ಶಾಲೆ, ಕಾಲೇಜಿನ ಒಂದೊಂದು ತಂಡ ತನ್ನೂರಿನ ಚರಂಡಿಗಳನ್ನು ಆರಂಭದಿಂದ ಹಳ್ಳದವರೆಗೆ ನಡೆದು ನಕ್ಷೆ ಬರೆಯಲಿ. ಎಲ್ಲೆಲ್ಲಿ ಕೊಳವೆ ಸೇರಿದೆ, ಎಲ್ಲೆಲ್ಲಿ ಮೋರಿ ಕಟ್ಟಿದೆ, ಹಳ್ಳದಲ್ಲಿ ಯಾವ ಮೀನು ಉಳಿದಿದೆ, ಯಾವುದು ಕಾಣೆಯಾಗಿದೆ ಎಂದು ಗುರುತಿಸಲಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಯಲ್ಲಿ ಆ ನಕ್ಷೆ ಸೇರಲಿ. ಗ್ರಾಮ ಸಭೆಯ ಗೋಡೆಗೆ ಅಂಟಿಸಿದ ನಕ್ಷೆಯ ಎದುರು ನಿಂತು, ಚರಂಡಿಗೆ ಏನೂ ಸೇರುತ್ತಿಲ್ಲವೆಂದು ಹೇಳುವ ಧೈರ್ಯ ಯಾವ ಅಧ್ಯಕ್ಷರಿಗೂ ಬರಲಾರದು.

ಮೃಗಶಿರಾ ಮಳೆ ಹಿಡಿದ ಮೇಲೆ ನಿಯಮ ಬರೆಯಲು ಪುರುಸೊತ್ತಿರುವುದಿಲ್ಲ. ಆಗ ಮೋರಿಯೇ ತನ್ನ ನಿಯಮವನ್ನು ಬರೆಯುತ್ತದೆ, ಅದನ್ನು ಗುಡ್ಡ ಜಾರಿಗೆ ತರುತ್ತದೆ. ಅದಕ್ಕೆ ಮುನ್ನವೇ ಸಭೆ ಸೇರಬೇಕು. ನದಿಗಳ ತವರಿನಲ್ಲಿ ಬದುಕುವವರಿಗೆ ಕೆಳಗಿನ ಊರುಗಳ ಋಣವೊಂದಿದೆ. ಶುದ್ಧ ನೀರನ್ನು ಮೇಲಿನಿಂದ ಪಡೆದವರು ಅದನ್ನು ಶುದ್ಧವಾಗಿಯೇ ಕೆಳಗೆ ದಾಟಿಸಬೇಕು.